ತಿಕ್ಕುವ ಮೊದಲು ಹಿಸುಕಿ ನೋಡಿ

ಕೇಳುಗರಿಗೆ ನಮಸ್ಕಾರ. ಮಳೆಗಾಲ ಮುಗಿದು ನಮ್ಮ ಕರಾವಳಿಯ ಊರೂರುಗಳಲ್ಲಿ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಗಳು ಆರಂಭವಾದೊಡನೆ, ಮೀನಖಂಡ ಹಿಡಿದುಕೊಂಡು ಕುಂಟುತ್ತ ಬರುವ ಆಟಗಾರರ ಸಂಖ್ಯೆಯೂ ಏರುತ್ತದೆ. ಅವರು ವೈದ್ಯರನ್ನು ತಲುಪುವ ಮೊದಲೇ ಯಾರಾದರೊಬ್ಬರು ಎಣ್ಣೆ ಹಚ್ಚಿ ತಿಕ್ಕಿರುತ್ತಾರೆ. ಇಂದು ನಾನು ಹೇಳಬೇಕಾದದ್ದು ಒಂದೇ: ತಿಕ್ಕುವ ಮೊದಲು ಹಿಸುಕಿ ನೋಡಿ.

ಕೆಲವು ವರ್ಷಗಳ ಹಿಂದೆ ಅಂಕೋಲಾ ಕಡೆಯ ವಾಲಿಬಾಲ್ ಆಟಗಾರರೊಬ್ಬರು ಬಂದಿದ್ದರು. ಸ್ಮ್ಯಾಶ್ ಹೊಡೆಯಲು ನೆಗೆಯುವಾಗ ಹಿಂದಿನಿಂದ ಯಾರೋ ಕಾಲಿಗೆ ಕಲ್ಲೆಸೆದಂತಾಯಿತಂತೆ. ತಿರುಗಿ, ಗೆರೆಯಾಚೆ ನಿಂತಿದ್ದ ಹುಡುಗರನ್ನು ಬೈದೂ ಬಿಟ್ಟರಂತೆ. ಪಾಪ, ಆ ಹುಡುಗರು ಶೇಂಗಾ ತಿನ್ನುತ್ತಿದ್ದರು. ಬೆರಳುಗಳು ಆಡುತ್ತಿವೆ, ಪಾದವೂ ಸ್ವಲ್ಪ ಬಗ್ಗುತ್ತಿದೆ, ಆದ್ದರಿಂದ ಇದು ಬರೀ ನರ ಎಳೆದದ್ದು ಎಂದು ಮನೆಯವರು ತೀರ್ಮಾನಿಸಿ, 3 ವಾರ ಬಿಸಿ ಕೊಬ್ಬರಿ ಎಣ್ಣೆಯಲ್ಲಿ ತಿಕ್ಕಿದರು. ನಾನು ಅವರನ್ನು ಕವುಚಿ ಮಲಗಿಸಿ, ಪಾದಗಳು ಮಂಚದ ಅಂಚಿನಾಚೆ ಇರುವಂತೆ ಮಾಡಿ, ಮೊದಲು ಒಳ್ಳೆಯ ಕಾಲಿನ ಮೀನಖಂಡವನ್ನು ಹಿಸುಕಿದೆ; ಪಾದ ತಾನಾಗಿ ಅಲುಗಿತು. ಇನ್ನೊಂದನ್ನು ಹಿಸುಕಿದೆ, ಅಲುಗಲಿಲ್ಲ. ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು, ಅಂದರೆ ಅಕಿಲಿಸ್ ಟೆಂಡನ್, ಪೂರ್ತಿ ತುಂಡಾಗಿತ್ತು. ತುದಿಗಳು ದೂರ ಸರಿದಿದ್ದರಿಂದ ಶಸ್ತ್ರಚಿಕಿತ್ಸೆಯೂ ಕಷ್ಟವಾಯಿತು. ಬೆರಳು ಆಡಿಸುವ ಸ್ನಾಯುಗಳು ಬೇರೆಯೇ ಇರುವುದರಿಂದ, ಬೆರಳು ಆಡಿದರೆ ಏನೂ ಆಗಿಲ್ಲ ಎಂದು ಹೇಳಲಾಗದು. ಸಿಮಂಡ್ಸ್ ಎಂಬ ವೈದ್ಯರು 1957ರಲ್ಲಿಯೂ ಥಾಂಪ್ಸನ್ ಎಂಬ ವೈದ್ಯರು 1962ರಲ್ಲಿಯೂ ಬರೆದಿಟ್ಟ ಈ ಪರೀಕ್ಷೆಗೆ ಎರಡು ಕೈ, ಒಂದು ಮಂಚ ಸಾಕು. ಆದ್ದರಿಂದ ದಯವಿಟ್ಟು ಹಿಸುಕಿ ನೋಡಿ.

ಪಾದ ಅಲುಗಿದರೆ ಸ್ನಾಯುವೇ ಹರಿದಿರಬಹುದು. ಮೀನಖಂಡದ ಮೇಲ್ಭಾಗದ ಒಳಬದಿಯಲ್ಲಿ ಥಟ್ಟನೆ ನೋವು ಹುಟ್ಟಿ, ಮೊಣಕಾಲು ನೆಟ್ಟಗಿಟ್ಟು ಹಿಮ್ಮಡಿ ಎತ್ತಲಾಗದಿದ್ದರೆ ಹರಿದಿರುವುದು ಮೀನಖಂಡದ ಹೊರಪದರದ ಸ್ನಾಯು, ಗ್ಯಾಸ್ಟ್ರೋಕ್ನೀಮಿಯಸ್. ದೂರದ ಓಟಗಾರರಲ್ಲಿ ಮೆಲ್ಲನೆ ಬಿಗಿಯುವ, ಮೊಣಕಾಲು ಮಡಚಿದರೂ ನೋಯುವುದು ಒಳಪದರದ ಸ್ನಾಯು, ಸೋಲಿಯಸ್. ಎರಡು ದಿನಗಳ ಮೇಲೆ ನೀಲಿ ಕಲೆ ಪಾದದ ಕೀಲಿನತ್ತ ಇಳಿಯಬಹುದು. ಎಷ್ಟು ಹರಿದಿದೆಯೆಂಬುದನ್ನು ಅಲ್ಟ್ರಾಸೌಂಡ್ ತೋರಿಸುತ್ತದೆ. ಅಲ್ಲಿಯವರೆಗೆ ತಣ್ಣನೆಯ ಬಟ್ಟೆ, ವಿಶ್ರಾಂತಿ ಇರಲಿ, ಎಣ್ಣೆ ಬೇಡ.

ಇನ್ನೂ ಒಂದು ಮಾತಿದೆ, ಸಮಯ ಕಡಿಮೆ. ಬೆಂಗಳೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಕಾರವಾರದಲ್ಲಿ ಇಳಿದವರ ಒಂದೇ ಮೀನಖಂಡ, ಪೆಟ್ಟೇ ಆಗದೆ, ಊದಿ ಬಿಸಿಯಾಗಿ ನೋಯುತ್ತಿದ್ದರೆ, ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅಂಥ ಕಾಲನ್ನು ತಿಕ್ಕಲೂ ಬೇಡಿ, ಹಿಸುಕಲೂ ಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ನಮಸ್ಕಾರ.