ಗಾಲ್ಫ್ ಆಡದವ್ರು ಗಾಲ್ಫ್ ಪುಸ್ತಕ ಓದಿ ಯಾಕ ನಗ್ತಾರ?

[ಪರದೆ: ಬೆಳಗಾವಿ ಗಾಲ್ಫ್ ಮೈದಾನ, ಬೇಲಿ ಈಚೆಗಿಂದ]

ನಮಸ್ಕಾರ್ರಿ. ಬೆಳಗಾವ್ಯಾಗ ಗಾಲ್ಫ್ ಅಂದ ಕೂಡ್ಲೇ ಮಂದಿಗೆ ನೆನಪಾಗೋದು ಆಟ ಅಲ್ಲ, ಚಿರತಿ. 2022ರ ಆಗಸ್ಟ್‌ನಾಗ ಗಾಲ್ಫ್ ಮೈದಾನದಾಗ ಚಿರತಿ ಹೊಕ್ಕಿತ್ತು. ಸುತ್ತಲಿನ ಸಾಲಿಗೋಳಿಗೆ ಸೂಟಿ ಕೊಟ್ರು, ಸಕ್ರೆಬೈಲಿನಿಂದ ಆನಿ ತರಿಸಿ ಹುಡುಕಿಸಿದ್ರು. ಅದೊಂದು ಬಿಟ್ರ, ಬೇಲಿ ಆಚೆ ಏನ್ ನಡೀತೈತಿ ಅನ್ನೋದು ನಮ್ಮಾಗ ಭಾಳ ಮಂದಿಗೆ ಗೊತ್ತಿಲ್ಲ. ಇಂಥಾ ಊರಾಗ ನಮ್ಮ ಓದುಗರ ಬಳಗ ಒಂದು ಗಾಲ್ಫ್ ಪುಸ್ತಕ ಆರಿಸ್ಕೊಂಡು ಓದಿ, ಜಗಳನೂ ಆಡ್ತು. ಇವತ್ತಿನ ವಿಡಿಯೋ ಆ ಜಗಳದ್ದು.

[ಪರದೆ: ಪುಸ್ತಕದ ಹೆಸರು, 1922]

ಪುಸ್ತಕ ಇಂಗ್ಲೆಂಡಿನ ಹಾಸ್ಯ ಲೇಖಕ ಪಿ. ಜಿ. ವುಡ್‌ಹೌಸ್ ಬರದಿದ್ದು, 'ದಿ ಕ್ಲಿಕಿಂಗ್ ಆಫ್ ಕತ್‌ಬರ್ಟ್'. ಹತ್ತು ಕತಿ ಅದಾವ. ಹೆಚ್ಚಿನವನ್ನ ಹೇಳಾಂವ ಕ್ಲಬ್ಬಿನ ಒಬ್ಬ ಮುದುಕ, ಹಂಗಾಗಿ ಒಂದ ಕಾದಂಬರಿ ಓದಿದಂಗ ಅನಸ್ತೈತಿ. ರಬ್ಬರ್ ತಿರುಳಿನ ಹೊಸ ಚೆಂಡು ಬಂದಾಗಿಂದ ಈ ಅಜ್ಜ ಆಟ ಬಿಟ್ಟಾನ, ಮಾತು ಬಿಟ್ಟಿಲ್ಲ. ನಮ್ಮ ಆನಂದವಾಡಿ ಅಖಾಡದ ಕಡೆ ಹೋದವ್ರು ಇಂಥಾ ಹಳೇ ಪೈಲ್ವಾನರನ್ನ ನೋಡೇ ನೋಡಿರ್ತೀರಿ. ಎದುರಿನಾಂವ ಎದ್ದು ಹೊಂಟ್ರ ಕೈ ಹಿಡಿದು ಕುಂಡ್ರಿಸಿ, "ಕೇಳಿಲ್ಲಿ ತಮ್ಮಾ" ಅಂತ ಸುರು ಮಾಡೋರು.

ಮೊದಲನೇ ದೂರು ಒಬ್ಬ ನಿವೃತ್ತ ಬ್ಯಾಂಕಿನವರದು. "ಏನ್ರಿ ಇದು, ಮ್ಯಾಶಿ ಅಂತ, ನಿಬ್ಲಿಕ್ ಅಂತ, ಬ್ರ್ಯಾಸಿ ಅಂತ, ಒಂದೂ ತಿಳಿಯಂಗಿಲ್ಲ" ಅಂತ ಪುಸ್ತಕ ಮಡಚಿ ಇಟ್ರು. ಇವೆಲ್ಲ ಆಗಿನ ಗಾಲ್ಫ್ ಕೋಲಿನ ಹೆಸರು. ಮಜಾ ಏನಂದ್ರ, ನಮ್ಮ ಬಳಗದಾಗ ಖರೇನ ಗಾಲ್ಫ್ ಆಡೋ ಮಿಲಿಟರಿಯವ್ರು ಒಬ್ರು ಅದಾರ, ಅವ್ರಿಗೂ ನಿಬ್ಲಿಕ್ ಗೊತ್ತಿರಲಿಲ್ಲ. 1929ರಾಗ ಬ್ರಿಟನ್ನಿನ್ಯಾಗ ಉಕ್ಕಿನ ದಾಂಡಿನ ಕೋಲಿಗೆ ಒಪ್ಪಿಗೆ ಸಿಕ್ತು, ಆಮ್ಯಾಲೆ ಹೆಸರು ಹೋಗಿ ನಂಬರ್ ಬಂದ್ವು. ಅಂದ್ರ ಇವತ್ತಿನ ಆಟಗಾರನೂ ಈ ಪುಸ್ತಕದ ಮುಂದ ನಮ್ಮಂಗ ಹೊರಗಿನಾಂವನ.

ಆದ್ರ ಒಂದ ಸಂಗತಿ ಮಾತ್ರ ಗೊತ್ತಿರಬೇಕು. ಗಾಲ್ಫಿನ್ಯಾಗ ಬೆನ್ನಿಗೆ ಅಂಪೈರ್ ಇರಂಗಿಲ್ಲ. ಚೆಂಡು ಗಿಡಗಂಟ್ಯಾಗ ಬಿತ್ತಂದ್ರ ಅಲ್ಲಿ ನೀವು, ನಿಮ್ಮ ಚೆಂಡು, ನಿಮ್ಮ ಮನಸ್ಸಾಕ್ಷಿ, ಮೂರ ಮಂದಿ. 1925ರ ಯು. ಎಸ್. ಓಪನ್ ಗಾಲ್ಫ್ ಪಂದ್ಯಾವಳಿಯಾಗ ಬಾಬಿ ಜೋನ್ಸ್ ಅನ್ನೋ ದೊಡ್ಡ ಆಟಗಾರ, ಚೆಂಡು ಕೂದಲೆಳೆಯಷ್ಟು ಅಲುಗಾಡ್ತು ಅಂತ ತಾನ ಹೇಳಿ, ತನಗ ತಾನ ಒಂದು ಹೊಡೆತದ ದಂಡ ಹಾಕ್ಕೊಂಡ; ಹೊಡೆತ ಕಡಿಮಿ ಇದ್ದಾಂವ ಗೆಲ್ಲೋ ಆಟ ಇದು. ಬ್ಯಾರೆ ಯಾರೂ ನೋಡಿರಲಿಲ್ಲ. ಕಡೀಕ ಸಮ ಆಗಿ, ಪ್ಲೇಆಫ್‌ನಾಗ ಸೋತ. ಮನಶ್ಯಾನ ಗುಣ ನೋಡಬೇಕಂದ್ರ ಅವನ ಜೋಡಿ ಗಾಲ್ಫ್ ಆಡು ಅಂತ ಈ ಅಜ್ಜ ಹೇಳೋದು ಅದಕ್ಕ. ಒಂದು ಕತಿಯಾಗಿನ ಆಟಗಾರಗ ಪಕ್ಕದ ಹುಲ್ಲಿನ್ಯಾಗ ಹಾರೋ ಚಿಟ್ಟಿಗೋಳ ಗದ್ದಲಕ್ಕ ಹೊಡೆತ ತಪ್ಪತೈತಿ. ಚಿಟ್ಟಿ ಗದ್ದಲ! ಬ್ಯಾಂಕಿನವರು ಇಲ್ಲೀತನಕ ಓದಿದ್ರ ನಗ್ತಿದ್ರು, ನನಗ ಖಾತ್ರಿ ಐತಿ.

[ಪರದೆ: ಬೆಳಗಾವಿಯಿಂದ ಖಾನಾಪುರದ ನಕಾಶೆ]

ಗಟ್ಟಿ ತಕರಾರು ಬಂದಿದ್ದು ಒಬ್ಬ ಅಕ್ಕಾರಿಂದ, ಕಾಲೇಜಿನ್ಯಾಗ ಪಾಠ ಮಾಡ್ತಾರ. 'ದಿ ಲಾಂಗ್ ಹೋಲ್' ಅನ್ನೋ ಕತಿ ಮ್ಯಾಲೆ. ಇಬ್ಬರು ಗಂಡಸರು ಒಬ್ಬ ಹುಡುಗಿ ಸಲುವಾಗಿ ಪಂದ್ಯ ಕಟ್ಟತಾರ, ಹೋಲ್, ಅಂದ್ರ ಚೆಂಡು ಮುಟ್ಟಿಸೋ ಗುರಿ, ಒಂದ, ದೂರ ಮಾತ್ರ 16 ಮೈಲು. ಇಲ್ಲಿ ಹೊಡೆದ ಚೆಂಡು ಖಾನಾಪುರದಾಗ ಒಂದು ಹೋಟೆಲ್ ಬಾಗಿಲಿಗೆ ಮುಟ್ಟಬೇಕು ಅಂದಂಗ. ದಾರಿಯುದ್ದಕ್ಕೂ ನಿಯಮದ ಪುಸ್ತಕ ಹಿಡಿದು ವಕೀಲರಂಗ ವಾದ. ಅಕ್ಕಾರ ಪ್ರಶ್ನೆ ಇಷ್ಟ: "ಹುಡುಗೀನ ಯಾರರ ಕೇಳಿದ್ರೇನು?" ಕತಿ ಕಡೀಕ ಆಕಿ ಬ್ಯಾರೆ ಒಬ್ಬನ ಜೋಡಿ ಮದುವಿ ಗೊತ್ತು ಮಾಡ್ಕೊಂಡಿರತಾಳ, ಇಬ್ಬರೂ ಪೆದ್ದರಾಗತಾರ. ಲೇಖಕ ನಗೋದು ಗಂಡಸರ ಮ್ಯಾಲೇನ ಅಂತ ನಾನು ವಾದಿಸಿದೆ. "ನಕ್ಕಾನ ಖರೆ, ಆದ್ರ ಆಕಿಗೆ ಬಾಯಿ ಕೊಟ್ಟಿಲ್ಲಲ್ಲ" ಅಂದ್ರು. ಅದಕ್ಕ ನನ್ನ ಹತ್ರ ಉತ್ತರ ಇಲ್ಲ. ಹತ್ತು ಕತ್ಯಾಗ ಹುಡುಗಿಗೋಳು ಒಬ್ಬರ ಮುಖ ಒಬ್ಬರಿಗೆ ಅಂಟಿಸಿದಂಗ ಅದಾರ.

ಎಲ್ಲಾ ಕತಿ ಒಂದ ನಮೂನಿ ಅನ್ನೋದೂ ಬಂತು. ಹೌದ್ರಿ, ಒಂದ ನಮೂನಿನ. ಇವು ಪತ್ರಿಕೆಗೋಳಾಗ ಬಿಡಿಬಿಡಿಯಾಗಿ ಬಂದ ಕತಿ, ಒಂದ ರಾತ್ರಿಗೆ ಹತ್ತೂ ಓದಿದ್ರ ಬ್ಯಾಸರಾಗತೈತಿ.

ಒಬ್ಬರೂ ಜಗಳ ಆಡದ ಕತಿ ಅಂದ್ರ ಮೊದಲನೇದು, ಪುಸ್ತಕಕ್ಕ ಹೆಸರು ಕೊಟ್ಟಿದ್ದು. ಕತ್‌ಬರ್ಟ್ ಅನ್ನೋ ಗಾಲ್ಫ್ ಹುಡುಗಗ ಸಾಹಿತ್ಯ ಸಂಘದ ಹುಡುಗಿ ಮ್ಯಾಲೆ ಮನಸ್ಸು. ಆಕಿಗೆ ಆಟಗಾರ ಬ್ಯಾಡ, ಸಾಹಿತಿ ಬೇಕು. ಸಂಘಕ್ಕ ರಷ್ಯಾದ ಮಹಾ ಕಾದಂಬರಿಕಾರ ಒಬ್ಬ ಬರತಾನ. ಅವನ ಕಾದಂಬರಿಯಾಗ 380ನೇ ಪುಟದತನಕ ಏನೂ ಆಗಂಗಿಲ್ಲ, ಆಮ್ಯಾಲೆ ಒಬ್ಬ ರೈತ ಸಾಯಾಕ ನಿರ್ಧಾರ ಮಾಡತಾನ. ನಮ್ಮ ಸಾಹಿತ್ಯ ಗೋಷ್ಠಿಗೋಳಾಗ ಕುಂತು ಎದ್ದವ್ರಿಗೆ ಈ ಸಾಲಿಗೆ ಅಡಿಟಿಪ್ಪಣಿ ಬೇಕಾಗಿಲ್ಲ. ಸಂಘದ ಸಾಹಿತಿ ತನ್ನ ಮ್ಯಾಲೆ ಯಾರ್ಯಾರ ಪ್ರಭಾವ ಐತಿ ಅಂತ ರಷ್ಯಾದವರ ಹೆಸರು ಹೇಳಿದ್ರ, ಮಹಾಶಯ ಒಬ್ಬೊಬ್ಬರನ್ನೂ ತಗದು ಒಗೀತಾನ. ಟಾಲ್‌ಸ್ಟಾಯ್ ಪರವಾಗಿಲ್ಲ, ವುಡ್‌ಹೌಸ್ ಪರವಾಗಿಲ್ಲ, ಛಲೋ ಬರಿಯಾಂವ ನಾನೊಬ್ಬನ ಅಂತಾನ! ಆಮ್ಯಾಲೆ ಮೂಲ್ಯಾಗ ನಿಂತ ಕತ್‌ಬರ್ಟ್ ಕಣ್ಣಿಗೆ ಬಿದ್ದದ್ದ ತಡ, ಗಾಲ್ಫಿನ ಫ್ರೆಂಚ್ ಓಪನ್ ಗೆದ್ದಾಂವ ಇವನಲ್ಲೇನು ಅಂತ ಓಡಿಬಂದು ತಬ್ಬಿಕೊಂಡು, ಗಾಲ್ಫ್ ಮಾತಿಗೆ ಕುಂಡ್ರತಾನ. ತಾನು ರಷ್ಯಾ ಕ್ರಾಂತಿಯ ನಾಯಕರಾದ ಲೆನಿನ್, ಟ್ರಾಟ್‌ಸ್ಕಿ ಜೋಡಿ ಆಡಿದ ಪಂದ್ಯ ಹೇಳತಾನ. ಟ್ರಾಟ್‌ಸ್ಕಿ ಚೆಂಡು ಹೊಡಿಯಾಕ ಗುರಿ ಹಿಡಿದು ನಿಂತಾನ, ಅಷ್ಟರಾಗ ಯಾರೋ ಲೆನಿನ್ ಮ್ಯಾಲೆ ಗುಂಡು ಹಾರಸ್ತಾರ. ಸದ್ದಿಗೆ ಟ್ರಾಟ್‌ಸ್ಕಿ ಹೊಡೆತ ತಪ್ಪತೈತಿ. ದುಃಖ ಆಗೋದು ತಪ್ಪಿದ ಹೊಡೆತಕ್ಕ!

ಲೆನಿನ್ ಇನ್ನೂ ಬದುಕಿದ್ದಾಗ ಬರದ ಕತಿ ಇದು. ನನ್ನ ಮಟ್ಟಿಗೆ ಇಡೀ ಪುಸ್ತಕದ ಜೀವ ಇಲ್ಲೇ ಐತಿ: ಒಂದು ಸಣ್ಣ ಚೆಂಡನ್ನ ಇವ್ರು ಧರ್ಮದಂಗ ಹಿಡಿದಾರ, ಒಬ್ಬರೂ ನಗಂಗಿಲ್ಲ. ಆಟ ಬಲ್ಲವ್ರು ಅಲ್ಲಲ್ಲಿ ಅಯ್ಯೋ ಪಾಪ ಅಂತಾರ. ನಾವು ಬೇಲಿ ಈಚೆ ನಿಂತಾವ್ರು, ನಮಗ ಪಾಪ ಅನಸಂಗಿಲ್ಲ, ನಗುನ ಬರತೈತಿ.

ಓದೋರಿದ್ರ ಕತ್‌ಬರ್ಟ್‌ನಿಂದ ಸುರು ಮಾಡ್ರಿ, ಆಮ್ಯಾಲೆ ನಾಕೈದು ದಿನ ಬಿಟ್ಟು 'ದಿ ಲಾಂಗ್ ಹೋಲ್'. ಇಂಗ್ಲಿಷ್ ತ್ರಾಸಾಗತೈತಿ, ಕನ್ನಡಕ್ಕ ತರ್ರಿ ಅಂತ ಕೆಲವರು ಕೇಳ್ಯಾರ. ವುಡ್‌ಹೌಸ್ ತೀರಿಕೊಂಡಿದ್ದು 1975ರಾಗ. ನಮ್ಮ ದೇಶದ ಕಾನೂನಿನ್ಯಾಗ ಲೇಖಕ ಹೋದಮ್ಯಾಲೆ 60 ವರ್ಷ ಹಕ್ಕು ಇರತೈತಿ, ಅಂದ್ರ 2035 ಮುಗಿಯೂತನಕ ಅವರ ಕಡೆಯವ್ರ ಅನುಮತಿ ಬೇಕು. ಅನುಮತಿ ತಗೊಂಡು ಮಾಡೋ ಪ್ರಕಾಶಕರು ಯಾರರ ಇದ್ರ, ಕೆಳಗ ಬರೀರಿ. ನಿಬ್ಲಿಕ್‌ಗೆ ಕನ್ನಡದಾಗ ಏನನ್ನಬೇಕು ಅನ್ನೋ ಜಗಳಕ್ಕ ನಮ್ಮ ಬ್ಯಾಂಕಿನವರು ತಯಾರದಾರ.