ಹೆಗಲು ನೋವು: ಕೀಲು ಬಿಗಿದಿದೆಯೋ, ಸ್ನಾಯು ಸೋತಿದೆಯೋ?

ಹೆಗಲು ನೋವು ಅಂದ ಕೂಡಲೇ ಹೆಚ್ಚಿನವರು ಕೇಳುವುದು ಯಾವ ಮಾತ್ರೆ, ಯಾವ ಎಣ್ಣೆ ಎಂದು. ಅದಕ್ಕೂ ಮೊದಲು ತಿಳಿಯಬೇಕಾದದ್ದು ಒಂದಿದೆ. ಕೈ ಮೇಲೇಳುತ್ತಿಲ್ಲವೆಂದರೆ ಕೀಲು ಬಿಗಿದಿದೆಯೋ, ಎತ್ತುವ ಸ್ನಾಯು ಸೋತಿದೆಯೋ? ಎರಡಕ್ಕೂ ದಾರಿ ಬೇರೆ.

ಕುಳಿತಲ್ಲೇ ನೋಡಿಕೊಳ್ಳಿ. ಮೊಣಕೈಯನ್ನು 90 ಡಿಗ್ರಿ ಮಡಿಸಿ ಪಕ್ಕೆಗೆ ಒತ್ತಿಕೊಳ್ಳಿ. ಮೊಣಕೈ ಪಕ್ಕೆ ಬಿಡದಂತೆ, ಬಾಗಿಲು ತೆರೆದ ಹಾಗೆ ಮುಂಗೈಯನ್ನು ಹೊರಕ್ಕೆ ತಿರುಗಿಸಿ. ಆಗದಿದ್ದರೆ ಪಕ್ಕದವರು ಮೆಲ್ಲಗೆ ತಿರುಗಿಸಲಿ. ಅವರು ತಿರುಗಿಸಿದರೂ ಅರ್ಧಕ್ಕೇ ತಡೆದು ನಿಂತರೆ ಬಿಗಿದಿರುವುದು ಕೀಲು: ಬಹುಮಟ್ಟಿಗೆ ಫ್ರೋಜನ್ ಶೋಲ್ಡರ್ (ಕೀಲನ್ನು ಸುತ್ತಿರುವ ಚೀಲ ದಪ್ಪಗಾಗಿ ಕುಗ್ಗುವುದು), ಇಲ್ಲವೇ ಸಂಧಿವಾತ. ಅವರ ಕೈಗೆ ಸಲೀಸಾಗಿ ಬಂದು ನಿಮ್ಮ ಬಲಕ್ಕೆ ಮಾತ್ರ ಬಾರದಿದ್ದರೆ ಅನುಮಾನ ರೊಟೇಟರ್ ಕಫ್ ಮೇಲೆ. ಕೀಲಿನ ಚೆಂಡನ್ನು ಗುಳಿಯಲ್ಲಿ ಹಿಡಿದಿಡುವ ನಾಲ್ಕು ಸ್ನಾಯುಗಳ ಗುಂಪು ಅದು. ಬಿದ್ದ ಮೇಲೆ ಕೈ ಎತ್ತಲಾಗದಿದ್ದರೆ ಕಾಯಬೇಡಿ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಹರಿದು ಹಿಂದೆ ಸರಿದುಕೊಂಡರೆ ಹೊಲಿಯುವುದು ಕಷ್ಟ.

ಕೀಲು ಬಿಗಿದಿದ್ದರೆ ಫ್ರೋಜನ್ ಶೋಲ್ಡರೋ ಸಂಧಿವಾತವೋ ಎಂದು ತಿಳಿಸುವುದು ಎಕ್ಸ್‌ರೇ. ಸವಕಳಿಯ ಸಂಧಿವಾತದಲ್ಲಿ ಮೂಳೆಗಳ ನಡುವಿನ ಜಾಗ ಕಿರಿದಾಗಿ, ಅಂಚಿನಲ್ಲಿ ಮೂಳೆಮುಳ್ಳು ಬೆಳೆದಿರುತ್ತದೆ. ಫ್ರೋಜನ್ ಶೋಲ್ಡರಿನಲ್ಲಿ ಎಕ್ಸ್‌ರೇ ಸ್ವಚ್ಛ; ದಪ್ಪಗಾಗಿ ಕುಗ್ಗಿದ ಕೀಲಿನ ಚೀಲ ಅದರಲ್ಲಿ ಕಾಣುವುದಿಲ್ಲ. ‘ಎಕ್ಸ್‌ರೇಯಲ್ಲಿ ಏನೂ ಇಲ್ಲ’ ಅಂದರೆ ನೋವು ಸುಳ್ಳು ಎಂದಲ್ಲ. ಇನ್ನು ಎರಡೂ ಕಡೆ ಊತ, ಬೆಳಗ್ಗೆ ಒಂದು ಗಂಟೆಗೂ ಮೀರಿದ ಬಿಗಿತ ಇದ್ದರೆ ರುಮಟಾಯ್ಡ್ ಸಂಧಿವಾತ (ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಮೇಲೆ ಎರಗುವ ಕಾಯಿಲೆ) ಇರಬಹುದು. ಅದಕ್ಕೆ ರಕ್ತಪರೀಕ್ಷೆ, ಬೇರೆಯೇ ಔಷಧಿ.

ಫ್ರೋಜನ್ ಶೋಲ್ಡರ್ 40ರಿಂದ 60 ವಯಸ್ಸಿನವರಲ್ಲಿ, ಅದರಲ್ಲೂ ಮಧುಮೇಹಿಗಳಲ್ಲಿ ಹೆಚ್ಚು. ಬಿಡಲು ಒಂದರಿಂದ ಮೂರು ವರ್ಷ ಹಿಡಿದೀತು. ನೋವು ಜೋರಾಗಿರುವ ಮೊದಲ ಹಂತದಲ್ಲಿ ಜಗ್ಗಾಡಿಸುವುದೇ ದೊಡ್ಡ ತಪ್ಪು, ಉರಿಯೂತ ಕೆರಳುತ್ತದೆ. ಆಗ ಲೋಲಕದ ವ್ಯಾಯಾಮ ಸಾಕು: ಒಳ್ಳೆಯ ಕೈಯನ್ನು ಮೇಜಿನ ಮೇಲೂರಿ, ಸೊಂಟದಿಂದ ಬಾಗಿ, ನೋಯುವ ಕೈಯನ್ನು ಜೋತುಬಿಡಿ. ದೇಹ ತೂಗಿದಂತೆ ಕೈ ತಾನಾಗಿ ಸಣ್ಣ ಸುತ್ತು ಹಾಕಲಿ, ಆ ಕಡೆ 10, ಈ ಕಡೆ 10. ನೋವು ಇಳಿದ ಮೇಲೆ, 10–15 ನಿಮಿಷ ಬಿಸಿ ಶಾಖ ಕೊಟ್ಟು, ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತಾ ಕೈಯನ್ನು ಮೇಲಕ್ಕೆ ಹತ್ತಿಸುವುದು. ಕೀಲಿನೊಳಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಮೊದಲ ತಿಂಗಳುಗಳಲ್ಲೇ ಹೆಚ್ಚು ಉಪಯೋಗ. ಮಧುಮೇಹಿಗಳಿಗೆ ಕೆಲವು ದಿನ ಸಕ್ಕರೆ ಏರುತ್ತದೆ, ಪರೀಕ್ಷಿಸುತ್ತಿರಬೇಕು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ಕಿಡ್ನಿ ತೊಂದರೆ, ಹೊಟ್ಟೆಹುಣ್ಣು ಇದ್ದವರಿಗೆ, ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರಿಗೆ ಅಪಾಯ.

ಅಂದ ಹಾಗೆ, ಎಡ ಹೆಗಲ ನೋವಿನ ಜೊತೆ ಎದೆ ಬಿಗಿತ, ಬೆವರು ಬಂದರೆ ಅದು ಹೃದಯದ್ದಿರಬಹುದು. ಜ್ವರದೊಂದಿಗೆ ಕೀಲು ಊದಿ ಬಿಸಿಯಾದರೆ ಸೋಂಕಿರಬಹುದು. ಎರಡಕ್ಕೂ ತಕ್ಷಣ ಆಸ್ಪತ್ರೆ.

ಇನ್ನು ಸಂಧಿವಾತ: ಮಾತ್ರೆ, ವ್ಯಾಯಾಮ, ಇಂಜೆಕ್ಷನ್ ಯಾವುದೂ ಸಾಲದೆ ರಾತ್ರಿ ನಿದ್ದೆ ಕೆಟ್ಟಾಗ ಕೀಲು ಬದಲಾವಣೆಯ ಮಾತು. ರೊಟೇಟರ್ ಕಫ್ ಗಟ್ಟಿ ಇದ್ದರೆ ಚೆಂಡಿನ ಜಾಗದಲ್ಲಿ ಕೃತಕ ಚೆಂಡು, ಗುಳಿಯ ಜಾಗದಲ್ಲಿ ಕೃತಕ ಗುಳಿ. ಅದೂ ಹೋಗಿದ್ದರೆ ಎರಡನ್ನೂ ಅದಲುಬದಲು ಮಾಡಿ ಕೂರಿಸುತ್ತಾರೆ. ಆಗ ಕೈ ಎತ್ತುವ ಕೆಲಸ ಹೊರಗಿನ ಡೆಲ್ಟಾಯ್ಡ್ ಸ್ನಾಯುವಿಗೆ ಬೀಳುತ್ತದೆ.