ನಾಲ್ಕು ಜನರಲ್ಲಿ ಒಬ್ಬರು

ಕೇಳುಗರಿಗೆ ನಮಸ್ಕಾರ.

ಓದು ಮುಗೀತಾ, ಕೆಲಸ ಸಿಕ್ತಾ, ಮದುವೆ ಯಾವಾಗ, ಮಕ್ಕಳು ಯಾವಾಗ, ಸ್ವಂತ ಮನೆ ಯಾವಾಗ? ಈ ಪ್ರಶ್ನೆಗಳಿಗೆ ಕೊನೆ ಅನ್ನೋದೇ ಇಲ್ಲ. ಒಂದಕ್ಕೆ ಉತ್ತರ ಕೊಟ್ಟರೆ ಇನ್ನೊಂದು ರೆಡಿ ಇರುತ್ತೆ. ಕೇಳುವವರು ಕೆಟ್ಟವರೇನಲ್ಲ, ಮಾತಿಗೆ ಬೇರೇನೂ ಸಿಗದೆ ಸುಮ್ನೆ ಕೇಳುವವರೇ ಜಾಸ್ತಿ. ಕೇಳಿ ಅವರು ಮರೆತುಬಿಡ್ತಾರೆ. ಕೇಳಿಸಿಕೊಂಡವರು ಮಾತ್ರ ರಾತ್ರಿಯೆಲ್ಲ ಹೊರಳಾಡ್ತಾರೆ, ನಾನು ಹಿಂದೆ ಬಿದ್ದೆನಾ ಅಂತ.

ಯಾರಿಗಿಂತ ಹಿಂದೆ? ಅಮೆರಿಕದ ಮನಶ್ಶಾಸ್ತ್ರಜ್ಞೆ ಬರ್ನೀಸ್ ನ್ಯೂಗಾರ್ಟನ್ ಇದನ್ನು ಸಾಮಾಜಿಕ ಗಡಿಯಾರ ಅಂತ ಕರೆದರು. ಯಾವ ವಯಸ್ಸಿಗೆ ಏನಾಗಬೇಕು ಅಂತ ಎಲ್ಲರ ತಲೆಯಲ್ಲೂ ಒಂದು ಲೆಕ್ಕ ಇರುತ್ತೆ, ಅದು. 1965ರಲ್ಲಿ ಅವರ ತಂಡ ಪ್ರಕಟಿಸಿದ ಅಧ್ಯಯನದಲ್ಲಿ, ಗಂಡಸು 20ರಿಂದ 25ರೊಳಗೆ ಮದುವೆಯಾದರೆ ಚೆನ್ನ ಅಂದವರೇ ಬಹುಪಾಲು. 1970ರ ದಶಕದ ಕೊನೆಯಲ್ಲಿ ಅದೇ ಪ್ರಶ್ನೆ ಮತ್ತೆ ಕೇಳಿದಾಗ, ಹಾಗೆ ಅಂದವರು ಅರ್ಧಕ್ಕಿಂತ ಕಡಿಮೆ. ಅಂದ್ರೆ ಲೆಕ್ಕವೇ ಬದಲಾಯ್ತು. ಹಳೇ ಲೆಕ್ಕಕ್ಕೆ ಹೆದರಿ ಅವಸರದಲ್ಲಿ ಮದುವೆಯಾದವರಿಗೆ ಯಾರಾದರೂ ಬಂದು ಸಮಾಧಾನ ಹೇಳಿದರಾ?

ಇಷ್ಟೆಲ್ಲ ಗೊತ್ತಿದ್ದೂ ನಾವು ಯಾಕೆ ತಲೆಯಾಡಿಸ್ತೀವಿ? 1951ರಲ್ಲಿ ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಕೋಣೆ, ಅದರಲ್ಲಿ ಕೆಲವು ವಿದ್ಯಾರ್ಥಿಗಳು. ಒಂದು ಕಾರ್ಡಿನಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಮೂರು ಗೆರೆ. ಮೂರರಲ್ಲಿ ಯಾವುದು ಆ ಮೊದಲಿನ ಗೆರೆಯಷ್ಟೇ ಉದ್ದ ಅಂತ ಒಬ್ಬೊಬ್ಬರಾಗಿ ಗಟ್ಟಿಯಾಗಿ ಹೇಳಬೇಕು, ಅಷ್ಟೇ. ಚಿಕ್ಕ ಮಗುವೂ ಹೇಳುವಂಥದ್ದು. ಗುಟ್ಟೇನಂದ್ರೆ, ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆಶ್ ಅವರ ಕಡೆಯವರು, ಬೇಕಂತಲೇ ಎಲ್ಲರೂ ಒಂದೇ ತಪ್ಪು ಉತ್ತರ ಹೇಳ್ತಾರೆ. ಕೊನೆಗೆ ಈ ಪಾಪದವನ ಸರದಿ. ಗೆರೆ ನೋಡ್ತಾನೆ, ಪಕ್ಕದವರ ಮುಖ ನೋಡ್ತಾನೆ, ಮತ್ತೆ ಗೆರೆ ನೋಡ್ತಾನೆ. ಹೀಗೆ ಸಿಕ್ಕಿಬಿದ್ದವರ ಉತ್ತರಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗುಂಪು ಹೇಳಿದ ತಪ್ಪು ಉತ್ತರವೇ. ಕಣ್ಣೆದುರಿನ ಗೆರೆಯ ವಿಷಯದಲ್ಲೇ ಹೀಗಾದರೆ, ಯಾವ ಕೆಲಸ, ಯಾವ ಸಂಗಾತಿ ಅನ್ನೋ ವಿಷಯದಲ್ಲಿ ಕೇಳಬೇಕಾ?

ಇದಕ್ಕೆ ದೊಡ್ಡ ಗುಂಪೇನೂ ಬೇಕಿರಲಿಲ್ಲ. ಎದುರಿಗೆ ಒಬ್ಬನೇ ಇದ್ದಾಗ ಯಾರೂ ಅಷ್ಟಾಗಿ ಬಾಗಲಿಲ್ಲ. ಮೂವರಾದರೆ ಸಾಕಿತ್ತು, ಆಮೇಲೆ ಎಷ್ಟು ಜನ ಸೇರಿಸಿದರೂ ಹೆಚ್ಚೇನೂ ವ್ಯತ್ಯಾಸವಾಗಲಿಲ್ಲ. ನಾಲ್ಕು ಜನ ಏನಂತಾರೋ ಅಂತ ಹೆದರ್ತೀವಲ್ಲ, ಅದರಲ್ಲೂ ಒಬ್ಬರು ಜಾಸ್ತಿಯೇ ಆಯ್ತು!

ನನಗೆ ತುಂಬಾ ಇಷ್ಟವಾಗೋದು ಇದೇ ಪ್ರಯೋಗದ ಇನ್ನೊಂದು ಸುತ್ತು. ಈ ಸಲ ಗುಂಪಿನಲ್ಲಿ ಒಬ್ಬ ಸರಿಯಾದ ಉತ್ತರ ಹೇಳ್ತಾನೆ. ಒಬ್ಬನೇ ಒಬ್ಬ. ಅಷ್ಟಕ್ಕೇ ಗುಂಪಿಗೆ ಶರಣಾಗೋದು ಮೊದಲಿದ್ದದ್ದರ ನಾಲ್ಕನೇ ಒಂದು ಭಾಗಕ್ಕೆ ಇಳಿಯಿತು. ಆ ಜೊತೆಗಾರ ಏನೋ ನೆಪ ಹೇಳಿ ಎದ್ದು ಹೋದ ಮೇಲೂ ಆ ಧೈರ್ಯ ಪೂರ್ತಿ ಹೋಗಲಿಲ್ಲ.

ಅದಕ್ಕೇ, ಯಾರ ಮುಲಾಜಿಗೂ ಬೀಳಬೇಡ, ಎದೆ ಗಟ್ಟಿ ಮಾಡ್ಕೋ ಅನ್ನೋ ಉಪದೇಶ ನನಗೆ ಅಷ್ಟಾಗಿ ಹಿಡಿಸೋದಿಲ್ಲ. ಎದೆ ತಾನಾಗಿ ಗಟ್ಟಿಯಾಗೋದಿಲ್ಲ. ನಿಮ್ಮ ಮನಸ್ಸಿನಲ್ಲಿರೋದನ್ನು ಒಬ್ಬರ ಹತ್ತಿರ ಬಾಯಿಬಿಟ್ಟು ಹೇಳಿ. ಈ ಕೆಲಸ ನನಗೆ ಬೇಡ, ಈ ಮದುವೆ ಬೇಡ, ಇರೋ ಚಿಕ್ಕ ಮನೆಯೇ ಸಾಕು ಅಂತ. ಬೇರೆ ಯಾರೋ ಹೀಗೆ ಹೇಳಿದಾಗ ಅಯ್ಯೋ ಅನ್ನದೆ, ನನಗೂ ಹಾಗೇ ಅನ್ನಿಸಿದೆ ಅನ್ನಿ. ಖರ್ಚಿಲ್ಲದ ಕೆಲಸ, ಅಲ್ವಾ?

ಹಾಗಂತ ಎಲ್ಲ ನಿರೀಕ್ಷೆಯನ್ನೂ ಕಿತ್ತೊಗೆಯಿರಿ ಅಂತಲ್ಲ. ಸಾಲ ಕೊಟ್ಟವರು ವಾಪಸ್ ಕೇಳೋದು ನ್ಯಾಯ. ಹಾಸಿಗೆ ಹಿಡಿದವರು ನಿಮ್ಮ ದಾರಿ ಕಾಯೋದೂ ನ್ಯಾಯ. ಸ್ವಾತಂತ್ರ್ಯದ ಹೆಸರಲ್ಲಿ ಅವರ ಕೈಬಿಡೋದು ಬರೀ ಜಾರಿಕೊಳ್ಳೋದು. ಬೇರೆ ವಿಷಯಗಳಲ್ಲಿ ನಾನು ಕೇಳಿಕೊಳ್ಳೋದು ಒಂದೇ: ಇದನ್ನು ಬಿಟ್ಟರೆ ಯಾರಿಗಾದರೂ ನಿಜವಾಗಿ ತೊಂದರೆಯಾಗುತ್ತಾ, ಇಲ್ಲ ಸ್ವಲ್ಪ ದಿನ ಬೇಜಾರಾಗುತ್ತಾ? ಬೇಜಾರು ಹೋಗುತ್ತೆ, ಜನ ನಮ್ಮನ್ನು ಅಷ್ಟೊಂದು ಗಮನಿಸೋದೂ ಇಲ್ಲ. 2000ದಲ್ಲಿ ಮನಶ್ಶಾಸ್ತ್ರಜ್ಞ ಥಾಮಸ್ ಗಿಲೊವಿಚ್ ಮತ್ತು ಅವರ ಜೊತೆಗಾರರು ವಿದ್ಯಾರ್ಥಿಗಳಿಗೆ ಮುಜುಗರವಾಗುವಂಥ ಚಿತ್ರವಿದ್ದ ಟೀ ಶರ್ಟ್ ಹಾಕಿಸಿ, ಜನ ಕೂತಿದ್ದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ನೋಡಿರ್ತಾರೆ ಅಂತ ಹಾಕಿಕೊಂಡವರ ಅಂದಾಜು. ನಿಜಕ್ಕೂ ಗಮನಿಸಿದ್ದು ಅದರ ಅರ್ಧದಷ್ಟೇ.

ಇನ್ನು ಆ 'ಯಾವಾಗ' ಅನ್ನೋ ಪ್ರಶ್ನೆಗೆ 'ಸದ್ಯಕ್ಕಿಲ್ಲ' ಅಂದು ಸುಮ್ಮನಾಗಿಬಿಡಿ. ಕಾರಣ ಕೊಡಬೇಡಿ. ಕಾರಣ ಕೊಟ್ಟಿರೋ, ಕೇಳಿದವರು ಅದಕ್ಕೊಂದು ಪರಿಹಾರ ಹುಡುಕಿಕೊಂಡೇ ಬರ್ತಾರೆ, ಆ ಪರಿಹಾರ ಯಾಕೆ ಬೇಡ ಅಂತ ಮತ್ತೆ ವಾದ ಮಾಡಬೇಕು. 'ಸದ್ಯಕ್ಕಿಲ್ಲ' ಅಂದರೆ ಸ್ವಲ್ಪ ಹೊತ್ತು ಕಾಯ್ತಾರೆ, ಆಮೇಲೆ ಮಳೆ ಯಾವಾಗ ಬರುತ್ತೋ ಅಂತ ಮಾತು ಬದಲಾಯಿಸ್ತಾರೆ.

ನಮಸ್ಕಾರ.